ಬೆವರುವ ಮಡಕೆಯಿಂದ ನ್ಯಾನೋ ದ್ರವದವರೆಗೆ



ಕಳೆದ ಮಳೆಗಾಲವಿಡೀ ನನ್ನ ಮೇಜಿನ ಮೇಲೆ ಒಂದು ದಪ್ಪ ಗ್ರಂಥ ಕುಳಿತಿತ್ತು. ಕಪ್ಪು ರಟ್ಟು, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರಗಳು. ಅದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪಿಎಚ್.ಡಿ. ಮಹಾಪ್ರಬಂಧ. ಶೀರ್ಷಿಕೆಯನ್ನು ಕನ್ನಡಕ್ಕೆ ತಂದರೆ ‘ಕಾಂತಕ್ಷೇತ್ರದ ಪ್ರಭಾವಕ್ಕೊಳಗಾದ ನ್ಯಾನೋ ದ್ರವವು ಸರಂಧ್ರ ಮೇಲ್ಮೈಗಳ ಮೇಲೆ ಹರಿಯುವಾಗ ನಡೆಯುವ ಉಷ್ಣ ವರ್ಗಾವಣೆ’ ಎಂದಾಗುತ್ತದೆ. ಬೈಂದೂರಿನ ಕಡೆಯ ಹುಡುಗ. ಈಗ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಬೋಧಿಸುತ್ತಿದ್ದಾನೆ. ಗ್ರಂಥವನ್ನು ನನ್ನ ಕೈಗಿತ್ತು ಆತ ಹೇಳಿದ ಮಾತು ಹೀಗಿತ್ತು: “ಅಪ್ಪಯ್ಯ ಕೇಂತ್ರ್ ಮಾಷ್ಟ್ರೇ, ನೀ ಆರ್ ವರ್ಷ ಮಾಡದ್ ಎಂತ ಅಂದೇಳಿ. ನಂಗೆ ಹೇಳುಕೆ ಬರುದಿಲ್ಲ. ನೀವ್ ಒಂದ್ಸಲ ಹೇಳಿ.”

ಈ ಕೋರಿಕೆಯನ್ನು ತಳ್ಳಿಹಾಕುವ ಅಧಿಕಾರ ನನಗಿರಲಿಲ್ಲ. ಅವನ ತಂದೆ ಮೂವತ್ತು ವರ್ಷಗಳಿಗೂ ಮಿಕ್ಕಿ ಬೆಂಗಳೂರಿನ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿದವರು. ನಮ್ಮ ಕುಂದಾಪುರ ಸೀಮೆಯ ಎಷ್ಟೋ ಮನೆಗಳ ಕಥೆಯೇ ಇದು. ಮಗ ಎಸ್ಸೆಸ್ಸೆಲ್ಸಿ ಮುಗಿಸಿದ ಕೂಡಲೇ ಅವನನ್ನೂ ಕರೆದೊಯ್ಯಬೇಕೆಂದು ಅವರು ಬಸ್ಸಿನ ಟಿಕೇಟು ಮಾಡಿಸಿದ್ದರು. ನಾನು ಅವರ ಮನೆಯ ಜಗಲಿಯಲ್ಲಿ ಕುಳಿತು, ಇವನನ್ನು ಓದಿಸಿ, ಇವನ ತಲೆಯಲ್ಲಿ ಪ್ರಶ್ನೆಗಳಿವೆ ಎಂದು ವಾದಿಸಿ ಆ ಪ್ರಯಾಣವನ್ನು ತಪ್ಪಿಸಿದ್ದೆ. ಓದಿಸಿದರು. ಅದಕ್ಕಾಗಿ ಅವರು ಇನ್ನೂ ಹಲವು ವರ್ಷ ಒಲೆಯ ಮುಂದೆ ನಿಂತರು. ಆದ್ದರಿಂದ ಆರು ವರ್ಷ ಮಾಡಿದ್ದೇನು ಎಂಬ ಪ್ರಶ್ನೆಗೆ ಮಗನಷ್ಟೇ ನಾನೂ ಬಾಧ್ಯಸ್ಥ.

ಪ್ರಶ್ನೆಗಳಿವೆ ಎಂದೆನಲ್ಲ, ಅದರಲ್ಲೊಂದನ್ನು ಇಲ್ಲಿ ಹೇಳಲೇಬೇಕು. ಅವನಾಗ ಒಂಬತ್ತನೆಯ ತರಗತಿ, 1998ರ ಸುಮಾರು. ವಹನ, ಸಂವಹನ, ವಿಕಿರಣಗಳ ಪಾಠ ನಡೆಯುತ್ತಿತ್ತು. ತಾಮ್ರದ ಕೊಡದಲ್ಲಿ ತಣ್ಣಗಾಗದ ನೀರು ಮಣ್ಣಿನ ಮಡಕೆಯಲ್ಲಿ ಹೇಗೆ ತಣ್ಣಗಾಗುತ್ತದೆ ಎಂದು ಕೇಳಿದ. ಪಾಠದ ಭರದಲ್ಲಿದ್ದ ನಾನು, ಮಣ್ಣು ಉಷ್ಣದ ಅವಾಹಕ, ಹೊರಗಿನ ಬಿಸಿ ಒಳಗೆ ಬರುವುದಿಲ್ಲ ಎಂದುಬಿಟ್ಟೆ. ಅದು ತಪ್ಪು ಉತ್ತರ. ಹೊರಗಿನ ಬಿಸಿಯನ್ನು ತಡೆದರೆ ನೀರು ಇದ್ದ ಹಾಗೆಯೇ ಇದ್ದೀತೇ ಹೊರತು ಗಾಳಿಗಿಂತ ತಣ್ಣಗಾಗಲು ಕಾರಣವಿಲ್ಲ. ನಾಲ್ಕನೆಯ ದಿನ ಹುಡುಗ ಪ್ರಯೋಗಾಲಯದ ಉಷ್ಣಮಾಪಕವನ್ನು ಮರಳಿ ಕೊಡಲು ಬಂದವನು, ಎರಡು ಮಡಕೆಗಳನ್ನು ತೆಗೆದುಕೊಂಡು ಒಂದರ ಹೊರಮೈಗೆ ಮೇಣದ ಬತ್ತಿ ಕರಗಿಸಿ ಬಳಿದುದಾಗಿ ಹೇಳಿದ. ಬಳಿದ ಮಡಕೆಯ ನೀರು ಗಾಳಿಯಷ್ಟೇ ಬಿಸಿ. ಬಳಿಯದ ಮಡಕೆಯದು ಮೂರು ಡಿಗ್ರಿ ಕಡಿಮೆ. “ಮಣ್ಣು ಎರಡರಲ್ಲೂ ಒಂದೇ ಅಲ್ದಾ ಮಾಷ್ಟ್ರೇ?” ಎಂದು ಮೆಲ್ಲಗೆ ಕೇಳಿದ. ಮರುದಿನ ಇಡೀ ತರಗತಿಯ ಮುಂದೆ ನನ್ನ ಉತ್ತರವನ್ನು ತಿದ್ದಿಕೊಂಡೆ. ಮಡಕೆಯ ಸೂಕ್ಷ್ಮ ರಂಧ್ರಗಳಿಂದ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ನಮ್ಮ ಸೆಕೆಯ ಉಷ್ಣತೆಯಲ್ಲಿ ಆವಿಯಾಗಲು ಸುಮಾರು 580 ಕ್ಯಾಲೊರಿ ಉಷ್ಣ ಬೇಕು. ಹತ್ತು ಲೀಟರಿನ ಮಡಕೆಯಿಂದ ನೂರು ಗ್ರಾಂ ನೀರು ಆವಿಯಾಗಿ ಹೋದರೆ, ಹೊರಗಿನಿಂದ ಉಷ್ಣ ಬರದಿದ್ದಲ್ಲಿ, ಉಳಿದ ನೀರು ಹೆಚ್ಚುಕಡಿಮೆ ಆರು ಡಿಗ್ರಿ ತಣ್ಣಗಾಗಬೇಕು. ಘಟ್ಟದ ಮೇಲಿನ ಒಣ ಊರುಗಳಲ್ಲಿ ಮಡಕೆಯ ನೀರು ಹಲ್ಲು ಜುಮ್ಮೆನಿಸುವಷ್ಟು ತಂಪಾಗುತ್ತದೆ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಅಷ್ಟಾಗುವುದಿಲ್ಲ, ಆಷಾಢದಲ್ಲಂತೂ ಆಗುವುದೇ ಇಲ್ಲ.

ಸರಂಧ್ರ ಮೇಲ್ಮೈ, ಅದರ ಮೂಲಕ ಹಾಯುವ ದ್ರವ, ಅದರೊಡನೆ ಸಾಗುವ ಉಷ್ಣ. ಆ ಕಪ್ಪು ರಟ್ಟಿನ ಪುಸ್ತಕದ ಮೂರು ಪದಗಳು ಇಲ್ಲಿಯೇ ಇವೆ. ಉಳಿದ ಎರಡು, ಕಾಂತ ಮತ್ತು ನ್ಯಾನೋ. ಅವು ಎಲ್ಲಿಂದ ಬಂದು ಒಂದೇ ಸಮೀಕರಣದೊಳಗೆ ಕುಳಿತವು ಎಂಬುದನ್ನು ತಿಳಿಯಲು ನನಗೆ ಒಂದು ಮಳೆಗಾಲ ಬೇಕಾಯಿತು. ಗ್ರಂಥದ ಗಣಿತದಲ್ಲಿ ಅರ್ಧ ನನಗೆ ಎಟುಕಲಿಲ್ಲ. ಎಟುಕದ ಕಡೆ ಶಿಷ್ಯನೇ ಗುರುವಾದ.

ಮೊದಲು ರಂಧ್ರಗಳ ಕಥೆ. ಫ್ರಾನ್ಸಿನ ದಿಜೋನ್ ನಗರದಲ್ಲಿ ಹೆನ್ರಿ ಡಾರ್ಸಿ ಎಂಬ ಇಂಜಿನಿಯರ್ ಇದ್ದ. ಊರಿಗೆ ಹನ್ನೆರಡು ಕಿಲೋಮೀಟರಿಗೂ ದೂರದ ಚಿಲುಮೆಯಿಂದ ಶುದ್ಧ ನೀರು ತಂದುಕೊಟ್ಟವನು. ನೀರನ್ನು ಮರಳಿನಲ್ಲಿ ಸೋಸುವಾಗ ಎಷ್ಟು ಮರಳಿಗೆ ಎಷ್ಟು ನೀರು ಇಳಿಯುತ್ತದೆ ಎಂಬ ಲೆಕ್ಕ ಅವನಿಗೆ ಬೇಕಾಗಿತ್ತು. ಕಬ್ಬಿಣದ ಎತ್ತರದ ಕೊಳವೆಗೆ ಮರಳು ತುಂಬಿ ಅಳೆದ. 1856ರಲ್ಲಿ ಪ್ರಕಟಿಸಿದ ಗ್ರಂಥದ ಅನುಬಂಧದಲ್ಲಿ ಆ ನಿಯಮವನ್ನು ಕೊಟ್ಟ: ಮೇಲಿನ ನೀರಿನ ಒತ್ತಡ ಹೆಚ್ಚಿದಷ್ಟೂ ಹರಿವು ಹೆಚ್ಚು, ಮರಳಿನ ಪದರ ದಪ್ಪವಾದಷ್ಟೂ ಕಡಿಮೆ. ಇಷ್ಟೇ. ನಮ್ಮ ಮುರಕಲ್ಲಿನ ಬಾವಿಗೆ ಜೂನ್ ತಿಂಗಳಲ್ಲಿ ನೀರು ಒಸರುವುದೂ ಈ ನಿಯಮದಂತೆಯೇ. ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ನಾಮಕರಣ ಮಾಡಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ನಮ್ಮ ಕೆನರಾ ಸೀಮೆಯಲ್ಲಿಯೂ ಸಂಚರಿಸಿದ್ದ ಎಂಬುದನ್ನು ಹಿಂದೊಮ್ಮೆ ಸಮಾಜ ಪಾಠದಲ್ಲಿ ಹೇಳಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಕಾಂತದ ಕಥೆ ಇದಕ್ಕಿಂತಲೂ ಸೊಗಸು, ಏಕೆಂದರೆ ಅದು ಒಂದು ಸೋಲಿನಿಂದ ಆರಂಭವಾಗುತ್ತದೆ. 1832ರ ಜನವರಿಯಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನ ವಾಟರ್ಲೂ ಸೇತುವೆಯ ಮೇಲೆ ಸುಮಾರು 960 ಅಡಿ ತಾಮ್ರದ ತಂತಿ ಎಳೆದು, ಅದರ ಎರಡು ತುದಿಗಳಲ್ಲಿ ಲೋಹದ ಫಲಕಗಳನ್ನು ಕಟ್ಟಿ ಥೇಮ್ಸ್ ನದಿಗೆ ಇಳಿಬಿಟ್ಟ. ಉಪ್ಪಿನಂಶದ ನೀರು ವಿದ್ಯುದ್ವಾಹಕ. ಭೂಮಿಯೇ ಒಂದು ಕಾಂತ. ವಾಹಕವು ಕಾಂತಕ್ಷೇತ್ರವನ್ನು ಅಡ್ಡಹಾಯ್ದರೆ ವಿದ್ಯುತ್ ಹುಟ್ಟಬೇಕು. ಹಾಗಾದರೆ ಹರಿಯುವ ನದಿಯೇ ಒಂದು ಜನರೇಟರ್ ಅಲ್ಲವೇ ಎಂಬುದು ಅವನ ತರ್ಕ. ಮೂರು ದಿನ ಕಾದ. ನಂಬಬಹುದಾದ ಫಲಿತಾಂಶ ಸಿಗಲಿಲ್ಲ. ತರ್ಕ ಸರಿಯಿತ್ತು, ಉಪಕರಣ ಸಾಲದಾಗಿತ್ತು.

ಈ ಪ್ರಸಂಗವನ್ನು ಓದಿದ ಸಂಜೆ ನಾನು ಕುಂದಾಪುರದ ಸೇತುವೆಯ ಬಳಿ ನಿಂತು ಪಂಚಗಂಗಾವಳಿಯನ್ನು ನೋಡುತ್ತಾ ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆ. ಭರತದ ವೇಳೆ ಉಪ್ಪುನೀರು ಒಳಗೇರುವ ಹೊಳೆ ನಮ್ಮದು. ಬ್ರಹ್ಮಾವರದ ಉತ್ತರಕ್ಕೆ ಮಾಬುಕಳದಲ್ಲಿ ಸೀತಾನದಿಯೂ ಹಾಗೆಯೇ. ಫ್ಯಾರಡೆ ಇಲ್ಲಿ ತಂತಿ ಎಳೆದಿದ್ದರೆ? ಇನ್ನೂ ಹೆಚ್ಚು ಸೋಲುತ್ತಿದ್ದ. ಅಡ್ಡಡ್ಡ ಹರಿಯುವ ಹೊಳೆಯಲ್ಲಿ ಕೆಲಸ ಮಾಡುವುದು ಭೂಕಾಂತಕ್ಷೇತ್ರದ ಲಂಬವಾದ ಭಾಗ ಮಾತ್ರ. ಕಾಂತೀಯ ವಿಷುವದ್ರೇಖೆ ನಮ್ಮಿಂದ ತುಸುವೇ ದಕ್ಷಿಣಕ್ಕೆ ಹಾಯುತ್ತದೆ. 1963ರಲ್ಲಿ ತುಂಬಾದಿಂದ ಮೊದಲ ರಾಕೆಟ್ ಹಾರಿದುದಕ್ಕೆ ಆ ಸ್ಥಳ ಈ ರೇಖೆಯ ಸಮೀಪವಿದ್ದುದೇ ಕಾರಣ. ಆದ್ದರಿಂದ ಇಲ್ಲಿನ ಕಾಂತಸೂಜಿ ಬಹುಮಟ್ಟಿಗೆ ಸಮತಲವಾಗಿಯೇ ಮಲಗಿರುತ್ತದೆ. ಲಂಬ ಭಾಗ ಒಟ್ಟು ಬಲದ ನಾಲ್ಕನೆಯ ಒಂದು ಪಾಲಿನಷ್ಟು, ಸುಮಾರು 10 ಮೈಕ್ರೋಟೆಸ್ಲಾ. ಹೊಳೆಯ ಅಗಲ ಐನೂರು ಮೀಟರ್, ವೇಗ ಸೆಕೆಂಡಿಗೆ ಅರ್ಧ ಮೀಟರ್ ಎಂದಿಟ್ಟುಕೊಂಡರೆ ಹುಟ್ಟುವುದು ಎರಡೂವರೆ ಮಿಲಿವೋಲ್ಟ್. ಗಡಿಯಾರದ ಒಂದು ಸೆಲ್ಲಿನ ಆರುನೂರನೆಯ ಒಂದು ಪಾಲು! ಮೀನಿಗೆ ಗಾಳ ಹಾಕಿ ಕುಳಿತಿದ್ದವನೊಬ್ಬ ನನ್ನನ್ನು ಅನುಮಾನದಿಂದ ನೋಡಿದ, ನಾನು ಮನೆಗೆ ನಡೆದೆ.

ಫ್ಯಾರಡೆಗೆ ಒಲಿಯದ್ದು ನೂರು ವರ್ಷಗಳ ಬಳಿಕ ಡೆನ್ಮಾರ್ಕಿನ ಯೂಲಿಯಸ್ ಹಾರ್ಟ್‌ಮನ್‌ನಿಗೆ ಒಲಿಯಿತು. ಅವನು ಆರಿಸಿಕೊಂಡ ದ್ರವ ಪಾದರಸ. ಅದು ಲೋಹವಾದ್ದರಿಂದ ಉತ್ತಮ ವಾಹಕ. ಇಕ್ಕಟ್ಟಾದ ನಾಳದಲ್ಲಿ ಪಾದರಸ ಹರಿಸಿ, ಅಡ್ಡಲಾಗಿ ಪ್ರಬಲ ಕಾಂತವನ್ನಿಟ್ಟು, ಕಾಂತವು ಹರಿವನ್ನು ಹಿಡಿದು ನಿಲ್ಲಿಸಲೆತ್ನಿಸುವುದನ್ನು 1937ರಲ್ಲಿ ಲೆಕ್ಕದಿಂದಲೂ ಅಳತೆಯಿಂದಲೂ ತೋರಿಸಿದ. ದ್ರವ ಚಲಿಸಿದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ತಿನ ಮೇಲೆ ಕಾಂತವು ಬಲ ಹೇರುತ್ತದೆ. ಆ ಬಲ ಚಲನೆಗೆ ವಿರುದ್ಧ. ಓಡುವ ಕರುವಿನ ಹಗ್ಗ ಅದರ ಕಾಲಿಗೇ ಸುತ್ತಿಕೊಂಡಂತೆ. ಇವೆರಡೂ ಲೆಕ್ಕದಿಂದ ಒಂದು ಸಂಖ್ಯೆ ಹುಟ್ಟಿತು, ಅದಕ್ಕೆ ಹಾರ್ಟ್‌ಮನ್ ಸಂಖ್ಯೆ ಎಂದು ಹೆಸರು: ಕಾಂತದ ತಡೆಯು ದ್ರವದ ಸ್ವಂತ ಸ್ನಿಗ್ಧತೆಯ ತಡೆಗಿಂತ ಎಷ್ಟು ಬಲವಾಗಿದೆ ಎಂಬುದರ ಸೂಚಕ. ಈ ಸಂಖ್ಯೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಐದು ವರ್ಷಗಳ ಬಳಿಕ, 1942ರಲ್ಲಿ, ಸ್ವೀಡನ್ನಿನ ಹಾನ್ನೆಸ್ ಆಲ್ಫ್‌ವೇನ್ ಸೂರ್ಯನೊಳಗಿನ ವಾಹಕ ದ್ರವ್ಯದಲ್ಲಿ ಹೊಸ ಬಗೆಯ ಅಲೆಗಳಿರಬೇಕೆಂದು ತರ್ಕಿಸಿದ. ಶಾಸ್ತ್ರ ಬೆಳೆಯಿತು, 1970ರಲ್ಲಿ ಅವನಿಗೆ ನೊಬೆಲ್ ಬಂತು.

ಇನ್ನು ‘ಮೇಲ್ಮೈಯ ಮೇಲಿನ ಹರಿವು’. 1904ರ ಆಗಸ್ಟಿನಲ್ಲಿ ಹೈಡೆಲ್‌ಬರ್ಗಿನ ಗಣಿತ ಸಮ್ಮೇಳನದಲ್ಲಿ ಇಪ್ಪತ್ತೊಂಬತ್ತರ ಹರೆಯದ ಲುಡ್ವಿಗ್ ಪ್ರಾಂಟ್ಲ್ ಹತ್ತು ನಿಮಿಷ ಮಾತನಾಡಿದ. ಹರಿಯುವ ದ್ರವಕ್ಕೆ ಗೋಡೆಯ ಅರಿವಾಗುವುದು ಗೋಡೆಗಂಟಿದ ತೆಳ್ಳನೆಯ ಒಂದು ಪದರದಲ್ಲಿ ಮಾತ್ರ, ಅದರಾಚೆ ಅದು ನಿಶ್ಚಿಂತವಾಗಿ ಹರಿಯುತ್ತದೆ ಎಂಬುದು ಅವನ ಮಾತಿನ ಸಾರ. ಈ ಸೀಮಾಸ್ತರದ ಕಲ್ಪನೆ ಇಲ್ಲದಿದ್ದರೆ ವಿಮಾನದ ರೆಕ್ಕೆಯ ಲೆಕ್ಕವೂ ಇಲ್ಲ, ನನ್ನ ಶಿಷ್ಯನ ಪುಸ್ತಕವೂ ಇಲ್ಲ. ಕೈಯಿಂದ ತಿರುಗಿಸುವ ಚಕ್ರ, ಒಂದು ತೊಟ್ಟಿ ನೀರು, ತೇಲುವ ಅಭ್ರಕದ ಪುಡಿ ಇಷ್ಟೇ ಅವನ ಪ್ರಯೋಗಶಾಲೆ. ಆ ಪದರವನ್ನು ಸೀಳೊಂದರ ಮೂಲಕ ಒಳಕ್ಕೆ ಹೀರಿಕೊಂಡರೆ ಹರಿವು ಗೋಡೆಯನ್ನು ಬಿಟ್ಟು ಸಿಡಿಯುವುದಿಲ್ಲ ಎಂದು ಅಂದೇ ತೋರಿಸಿದ. ಸರಂಧ್ರ ಗೋಡೆಯ ಮೂಲಕ ಹೀರುವ, ಊಡುವ ಮುಂದಿನ ಲೆಕ್ಕಗಳಿಗೆಲ್ಲ ಬೀಜ ಅಲ್ಲಿದೆ.

1970ರಲ್ಲಿ ಲಾರೆನ್ಸ್ ಕ್ರೇನ್ ಎಂಬಾತ ಈ ಕಥೆಗೆ ಒಂದು ತಿರುವು ಕೊಟ್ಟ. ಗೋಡೆ ನಿಂತಿಲ್ಲ, ರಬ್ಬರಿನ ಹಾಳೆಯಂತೆ ಹಿಗ್ಗುತ್ತಾ ಹೋಗುತ್ತಿದೆ ಎಂದಿಟ್ಟುಕೊಳ್ಳಿ. ಕಾರ್ಖಾನೆಯಲ್ಲಿ ಬಿಸಿ ಪ್ಲಾಸ್ಟಿಕ್ಕಿನ ಹಾಳೆ ಅಚ್ಚಿನಿಂದ ಹೊರಬಂದು ಹಿಗ್ಗುತ್ತಾ ತಣಿಯುತ್ತದೆಯಲ್ಲ, ಹಾಗೆ. (ನನಗೆ ನೆನಪಾದುದು ನಮ್ಮ ಮನೆಯ ಶ್ಯಾವಿಗೆ ಒರಳು, ಆದರೆ ಶ್ಯಾವಿಗೆ ಹಿಗ್ಗುವುದಿಲ್ಲ, ತುಂಡಾಗುತ್ತದೆ.) ಇಂತಹ ಸಮಸ್ಯೆಗಳಿಗೆ ಸಾಮಾನ್ಯವಾಗಿ ಅಂದಾಜಿನ ಉತ್ತರವೇ ಗತಿ. ಇದಕ್ಕಾದರೋ ಒಂದೇ ಸಾಲಿನ ಪರಿಪೂರ್ಣ ಉತ್ತರ ಸಿಕ್ಕಿತು: ಹಾಳೆಯಿಂದ ದೂರ ಸರಿದಂತೆ ವೇಗವು ಘಾತೀಯವಾಗಿ ಇಳಿಯುತ್ತದೆ. 1974ರಲ್ಲಿ ರಷ್ಯದ ಪಾವ್ಲೋವ್ ಅದಕ್ಕೆ ಕಾಂತವನ್ನು ಸೇರಿಸಿದ. 1977ರಲ್ಲಿ ನಮ್ಮವರೇ ಆದ ಖರಗಪುರ ಐಐಟಿಯ ಗುಪ್ತಾದ್ವಯರು ಹಾಳೆಯನ್ನು ಸರಂಧ್ರಗೊಳಿಸಿ, ಹೀರಿಕೆ ಮತ್ತು ಊಡಿಕೆಗಳೊಡನೆ ಉಷ್ಣದ ಲೆಕ್ಕವನ್ನೂ ಮಾಡಿದರು.

ಇಲ್ಲಿ ನನ್ನನ್ನು ಬೆರಗುಗೊಳಿಸಿದ ಸಂಗತಿಯೊಂದಿದೆ. ಮರಳಿನಂತಹ ಸರಂಧ್ರ ಮಾಧ್ಯಮದ ತಡೆಯೂ ಕಾಂತದ ತಡೆಯೂ ವೇಗಕ್ಕೆ ಅನುಪಾತದಲ್ಲಿರುತ್ತವೆ. ಆದ್ದರಿಂದ ಸಮೀಕರಣದಲ್ಲಿ ಅವೆರಡೂ ಒಂದರ ಪಕ್ಕದಲ್ಲೊಂದು ಕುಳಿತು ಕೂಡಿಹೋಗುತ್ತವೆ. ಕಾಂತದ ಅಂಕಿ 1, ಮಾಧ್ಯಮದ ಅಂಕಿ 2 ಆಗಿದ್ದರೆ, ಕ್ರೇನ್‌ನ ಮೂಲ 1ರೊಡನೆ ಕೂಡಿಸಿ ಬಂದ 4ರ ವರ್ಗಮೂಲ 2. ಅಂದರೆ ವೇಗವು ಎರಡು ಪಟ್ಟು ಚುರುಕಾಗಿ ಇಳಿಯುತ್ತದೆ, ಹಾಳೆಯನ್ನು ಎಳೆಯಲು ಎರಡು ಪಟ್ಟು ಬಲ ಬೇಕು. ಹತ್ತನೆಯ ತರಗತಿಯ ಮಗುವೂ ಮಾಡಬಹುದಾದ ಲೆಕ್ಕ! ಗಣಿತದ ಕಣ್ಣಿಗೆ ಕಾಂತವೂ ಒಂದೇ, ಮರಳೂ ಒಂದೇ. ಅದರ ಸೊಬಗೂ ಅಲ್ಲಿದೆ, ಅಪಾಯವೂ ಅಲ್ಲಿದೆ. ಕಾಗದದ ಮೇಲೆ ಕಾಂತದ ಅಂಕಿಯನ್ನು 1ರಿಂದ 5ಕ್ಕೆ ಏರಿಸಲು ಒಂದು ಕ್ಷಣ ಸಾಕು.

ಈ ವಿದ್ಯೆ ಕರ್ನಾಟಕಕ್ಕೆ ಬಂದು ಬೇರೂರಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಆವರಣದಲ್ಲಿ. ಬೆಂಗಳೂರು ವಿಶ್ವವಿದ್ಯಾನಿಲಯದ ಗಣಿತ ವಿಭಾಗದಲ್ಲಿ ಪ್ರೊ. ಎನ್. ರುದ್ರಯ್ಯನವರು ದ್ರವ ಚಲನಶಾಸ್ತ್ರದ ಒಂದು ದೊಡ್ಡ ಪರಂಪರೆಯನ್ನೇ ಕಟ್ಟಿದರು. ಯುಜಿಸಿಯ ನೆರವಿನ ಕೇಂದ್ರವೂ ಅಲ್ಲಿ ಬೆಳೆಯಿತು. ಮುಂದೆ ಅವರು ಗುಲ್ಬರ್ಗ ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು. ಸರಂಧ್ರ ಗೋಡೆಯನ್ನು ಸವರಿಕೊಂಡು ಹರಿಯುವ ದ್ರವವು ಗೋಡೆಯ ಬಳಿ ಪೂರ್ಣ ನಿಲ್ಲದೆ ತುಸು ಜಾರುತ್ತದೆ ಎಂಬುದನ್ನು 1967ರಲ್ಲಿ ಅಮೆರಿಕದ ಬೀವರ್ಸ್ ಮತ್ತು ಜೋಸೆಫ್ ಅಳೆದು ತೋರಿಸಿದ್ದರು. ಆ ಸರಂಧ್ರ ಪದರಕ್ಕೆ ಒಂದು ನಿಶ್ಚಿತ ದಪ್ಪವಿದ್ದರೆ ನಿಯಮ ಹೇಗೆ ಬದಲಾಗುತ್ತದೆ ಎಂಬುದನ್ನು 1985ರಲ್ಲಿ ರುದ್ರಯ್ಯನವರು ನಿರೂಪಿಸಿದರು. ಇಂದಿಗೂ ಆ ನಿಯಮವನ್ನು ಮೂವರ ಹೆಸರೂ ಸೇರಿಸಿ ಕರೆಯುತ್ತಾರೆ. ಡಾರ್ಸಿಯ ಮರಳಿನ ಕೊಳವೆಯಿಂದ ಹೊರಟ ದಾರಿಯಲ್ಲಿ ಒಂದು ಮೈಲಿಗಲ್ಲಿನ ಮೇಲೆ ಕನ್ನಡ ನಾಡಿನ ಹೆಸರು ಕೆತ್ತಿದೆ ಎಂಬುದು ನನ್ನ ಅಧ್ಯಾಪನದ ಅಷ್ಟೂ ವರ್ಷ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಿಮಗೆ ಹೇಳದೆ ಬಿಡುತ್ತಿರಲಿಲ್ಲ.

1995ನೆಯ ಇಸವಿ ಈ ಕಥೆಯಲ್ಲಿ ವಿಶೇಷವಾದುದು. ಆ ವರ್ಷ ರುದ್ರಯ್ಯನವರು ವೆಂಕಟಾಚಲಪ್ಪ, ಸುಬ್ಬರಾಯ ಹಾಗೂ ಕೆನಡಾದ ಬ್ಯಾರನ್ ಅವರೊಡಗೂಡಿ, ಒಂದು ಪಕ್ಕ ಬಿಸಿ ಇನ್ನೊಂದು ಪಕ್ಕ ತಂಪಾಗಿರುವ ಆಯತಾಕಾರದ ಪೆಟ್ಟಿಗೆಯೊಳಗಿನ ದ್ರವದ ಸಂವಹನವನ್ನು ಕಾಂತಕ್ಷೇತ್ರವು ಹೇಗೆ ಕುಗ್ಗಿಸುತ್ತದೆ ಎಂಬ ಪ್ರಬಂಧ ಪ್ರಕಟಿಸಿದರು. ಜಗತ್ತಿನಾದ್ಯಂತ ಉಲ್ಲೇಖಗೊಳ್ಳುವ ಪ್ರಬಂಧ ಅದು. ಅದೇ ವರ್ಷ ಅಮೆರಿಕದ ಆರ್ಗೋನ್ ಪ್ರಯೋಗಾಲಯದ ಸ್ಟೀಫನ್ ಚೋಯಿ ‘ನ್ಯಾನೋ ದ್ರವ’ ಎಂಬ ಹೆಸರನ್ನು ಚಲಾವಣೆಗೆ ತಂದರು. ಒಂದೆಡೆ ಉಷ್ಣದ ಸಾಗಣೆಯನ್ನು ಕುಗ್ಗಿಸುವ ಕಾಂತ, ಇನ್ನೊಂದೆಡೆ ಹೆಚ್ಚಿಸುವ ಕಣ. ಹದಿನೈದು ವರ್ಷಗಳಲ್ಲಿ ಎರಡೂ ಒಂದೇ ಶೀರ್ಷಿಕೆಯೊಳಗೆ ಸೇರಲಿದ್ದವು.

ಚೋಯಿಯವರ ಆಲೋಚನೆ ಸರಳ. ನೀರಿನ ಉಷ್ಣವಾಹಕತೆ ಸುಮಾರು 0.6, ತಾಮ್ರದ್ದು ಸುಮಾರು 400. ನೀರಿಗೆ ತಾಮ್ರದ ಪುಡಿ ಬೆರೆಸಿದರೆ ಅದು ಉಷ್ಣವನ್ನು ಚೆನ್ನಾಗಿ ಒಯ್ಯಬೇಡವೇ? ಇದನ್ನು ಮ್ಯಾಕ್ಸ್‌ವೆಲ್ 1873ರಲ್ಲಿಯೇ ಲೆಕ್ಕ ಹಾಕಿದ್ದ. ಆದರೆ ದಪ್ಪ ಪುಡಿ ತಳದಲ್ಲಿ ಕೂರುತ್ತದೆ, ಕೊಳವೆಯನ್ನು ಸವೆಸುತ್ತದೆ. ಕಣ ನ್ಯಾನೋ ಗಾತ್ರದ್ದಾದರೆ ತೇಲುತ್ತಲೇ ಇದ್ದೀತು. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್. ನಮ್ಮ ತಲೆಗೂದಲು ಸುಮಾರು 80,000 ನ್ಯಾನೋಮೀಟರ್ ದಪ್ಪ. 2001ರಲ್ಲಿ ಆರ್ಗೋನ್ ತಂಡದವರು ಎಥಿಲೀನ್ ಗ್ಲೈಕಾಲ್‌ಗೆ ಗಾತ್ರದಲ್ಲಿ ಕೇವಲ 0.3 ಶೇಕಡಾ ತಾಮ್ರದ ನ್ಯಾನೋ ಕಣ ಬೆರೆಸಿ ಶೇಕಡಾ 40ರಷ್ಟು ಹೆಚ್ಚಳ ಕಂಡೆವೆಂದರು. ಮ್ಯಾಕ್ಸ್‌ವೆಲ್‌ನ ಸೂತ್ರದಂತೆ ಒಂದು ಶೇಕಡಾ ಕೂಡ ಹೆಚ್ಚಬಾರದು! ಜಗತ್ತು ಬೆಚ್ಚಿತು. ಮದರಾಸು ಐಐಟಿಯಲ್ಲಿ ಸರಿತ್ ಕುಮಾರ್ ದಾಸ್, ಟಿ. ಪ್ರದೀಪ್ ಅವರಂತಹವರು ಅಳತೆಗಿಳಿದರು. 2006ರಲ್ಲಿ ಎಂಐಟಿಯ ಬ್ವೊಂಜೋರ್ನೋ, ಕಣಗಳು ದ್ರವದಲ್ಲಿ ಅಲೆಯುವ ಬಗೆಗಳಲ್ಲಿ ಎರಡು ಮಾತ್ರ ಮುಖ್ಯ ಎಂದು ವಾದಿಸಿ ಒಂದು ಗಣಿತ ಮಾದರಿ ಕೊಟ್ಟರು. 2010ರಲ್ಲಿ ಖಾನ್ ಮತ್ತು ಪಾಪ್ ಎಂಬವರು ಆ ಮಾದರಿಯನ್ನು ಕ್ರೇನ್‌ನ ಹಿಗ್ಗುವ ಹಾಳೆಗೆ ಅನ್ವಯಿಸಿದರು.

ಅಲ್ಲಿಗೆ ಕಟ್ಟೆ ಒಡೆಯಿತು. ಇರಾನ್, ಪಾಕಿಸ್ತಾನ, ಮಲೇಷ್ಯಾ, ಚೀನಾ, ಭಾರತ ಎಲ್ಲೆಡೆಯಿಂದ ಪ್ರಬಂಧಗಳ ಪ್ರವಾಹ. ನಮ್ಮಲ್ಲಿ ಬೆಂಗಳೂರು, ಕಲಬುರಗಿ, ಶಂಕರಘಟ್ಟಗಳ ಗಣಿತ ವಿಭಾಗಗಳಲ್ಲಿ ದ್ರವಶಾಸ್ತ್ರದ ಪರಂಪರೆ ಮೊದಲೇ ಗಟ್ಟಿಯಾಗಿದ್ದುದರಿಂದ ಯುವಕರು ಸಹಜವಾಗಿಯೇ ಇತ್ತ ಹರಿದರು. ದುಬಾರಿ ಉಪಕರಣ ಬೇಡ. ಒಂದು ಗಣಕಯಂತ್ರ, ಒಬ್ಬ ಒಳ್ಳೆಯ ಮಾರ್ಗದರ್ಶಕ, ತಾಳ್ಮೆ ಇದ್ದರೆ ಸಾಕು. ಬಡವರ ಮಕ್ಕಳು ಡಾಕ್ಟರೇಟ್ ಪಡೆಯಲು ಇದು ಒಂದು ದಾರಿಯಾಯಿತು ಎಂಬುದನ್ನು ನಾನು ಸಣ್ಣ ಮಾತೆಂದು ಎಣಿಸುವುದಿಲ್ಲ. ನನ್ನ ಶಿಷ್ಯನೂ ಆ ದಾರಿಯಲ್ಲೇ ನಡೆದವನು.

ಆದರೆ ಇತಿಹಾಸ ಬರೆಯುವವನು ಅರ್ಧ ಹೇಳಿ ನಿಲ್ಲಿಸಬಾರದು. ಪ್ರವಾಹ ಆರಂಭವಾಗುವ ಮುನ್ನವೇ, 2009ರಲ್ಲಿ, ಬ್ವೊಂಜೋರ್ನೋ ಅವರ ಮುಂದಾಳ್ತನದಲ್ಲಿ ಜಗತ್ತಿನ 30ಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಬಗೆಯ ಮಾದರಿಗಳನ್ನು ಹಂಚಿಕೊಂಡು ಬೇರೆ ಬೇರೆ ಕಡೆ ಅಳೆದು ನೋಡಿದ್ದವು. ಪವಾಡದ ಹೆಚ್ಚಳ ಯಾವ ಮಾದರಿಯಲ್ಲೂ ಕಾಣಲಿಲ್ಲ. ನೂರಮೂವತ್ತು ವರ್ಷ ಹಳೆಯ ಮ್ಯಾಕ್ಸ್‌ವೆಲ್‌ನ ಲೆಕ್ಕವೇ ಬಹುಮಟ್ಟಿಗೆ ಸರಿಹೊಂದಿತು. ಕಣ ಬೆರೆಸಿದರೆ ವಾಹಕತೆ ಹೆಚ್ಚುವುದು ನಿಜ, ಆದರೆ ಮಿತವಾಗಿ. ಜೊತೆಗೆ ದ್ರವ ಮಂದವಾಗುವುದರಿಂದ ಅದನ್ನು ತಳ್ಳುವ ಪಂಪಿಗೆ ಕೆಲಸ ಹೆಚ್ಚುತ್ತದೆ.

ಈಗ ಹಾರ್ಟ್‌ಮನ್ ಸಂಖ್ಯೆಗೆ ಬನ್ನಿ. ಒಂದು ಸೆಂಟಿಮೀಟರ್ ಅಗಲದ ನಾಳ, ಒಂದು ಟೆಸ್ಲಾದ ಪ್ರಬಲ ಕಾಂತ. ಪಾದರಸಕ್ಕೆ ಈ ಸಂಖ್ಯೆ ಇನ್ನೂರಕ್ಕೂ ಮಿಕ್ಕುತ್ತದೆ. ಸಮುದ್ರದ ಉಪ್ಪುನೀರಿಗೆ ಒಂದನ್ನೂ ಮುಟ್ಟುವುದಿಲ್ಲ. ಶುದ್ಧ ನೀರಿನ ವಿದ್ಯುದ್ವಾಹಕತೆ ಸಮುದ್ರದ ನೀರಿನದರ ಹತ್ತು ಲಕ್ಷದ ಒಂದು ಪಾಲಿನಷ್ಟು, ಅದಕ್ಕೆ ಕಾಂತವಿದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಹೀಗಿರುವಾಗ ‘ನೀರು ಮತ್ತು ತಾಮ್ರದ ನ್ಯಾನೋ ದ್ರವ’ ಎಂದು ಹೆಸರಿಟ್ಟು ಕಾಂತದ ಅಂಕಿಯನ್ನು 1, 2, 5 ಎಂದು ಏರಿಸಿ ನಕ್ಷೆ ಬಿಡಿಸಿದರೆ, ಆ ನಕ್ಷೆಯ ದ್ರವ ಯಾವ ಪಾತ್ರೆಯಲ್ಲಿದೆ? ಇದನ್ನು ಶಿಷ್ಯನಲ್ಲಿ ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಗೊತ್ತಿತ್ತು ಮಾಷ್ಟ್ರೇ. ಎಲ್ಲರೂ ಹಾಗೆಯೇ ಮಾಡುತ್ತಿದ್ದರು” ಎಂದ. ಇದು ಒಬ್ಬನ ಮೇಲಿನ ದೂರಲ್ಲ. ಬೋರ್ಡಿನ ಮೇಲೆ ‘ಘರ್ಷಣೆ ಇಲ್ಲವೆಂದು ಭಾವಿಸಿ’ ಎಂದು ಮೂವತ್ತೈದು ವರ್ಷ ಬರೆಸಿದ ನನಗೆ ದೂರುವ ಹಕ್ಕೂ ಇಲ್ಲ.

ಹಾಗೆಂದು ಕಾಂತ ಮತ್ತು ನ್ಯಾನೋ ದ್ರವಗಳ ಸಂಬಂಧವೇ ಸುಳ್ಳೆಂದು ತಿಳಿಯಬೇಡಿ. ಕರಗಿದ ಉಕ್ಕನ್ನು ಎರಕ ಹೊಯ್ಯುವಾಗ ಅದರ ಓಟವನ್ನು ಕಾಂತದಿಂದಲೇ ಹಿಡಿದು ನಿಲ್ಲಿಸುತ್ತಾರೆ. ಅಲ್ಲಿ ಹಾರ್ಟ್‌ಮನ್ ನಿಜಕ್ಕೂ ಕೆಲಸ ಮಾಡುತ್ತಾನೆ. ಇನ್ನೊಂದು ಬಗೆಯೂ ಇದೆ. ಕಣವೇ ಕಾಂತೀಯವಾಗಿದ್ದರೆ ದ್ರವದ ವಿದ್ಯುದ್ವಾಹಕತೆ ಬೇಕೇ ಇಲ್ಲ, ಕಾಂತವು ಕಣವನ್ನು ನೇರವಾಗಿ ಸೆಳೆಯುತ್ತದೆ. 1963ರಲ್ಲಿ ನಾಸಾದ ಸ್ಟೀವ್ ಪ್ಯಾಪೆಲ್, ತೂಕವಿಲ್ಲದ ಆಕಾಶದಲ್ಲಿ ರಾಕೆಟ್ಟಿನ ಇಂಧನವನ್ನು ಕಾಂತದಿಂದ ಎಳೆಯಲೆಂದು ಇಂತಹ ದ್ರವ ತಯಾರಿಸಿದ. ಅದರೊಳಗಿನ ಕಣ ಮ್ಯಾಗ್ನಟೈಟ್. ನಮ್ಮ ಕುದುರೆಮುಖದ ಅದಿರು! ಅಲ್ಲಿ ಬೆಟ್ಟದ ಅದಿರನ್ನು ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಹರಿಸುತ್ತಿದ್ದರು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದು ಒರಟು ಪುಡಿ. ಪ್ಯಾಪೆಲ್ ವರ್ಗದ ದ್ರವದಲ್ಲಿ ಅದೇ ಖನಿಜ ಹತ್ತು ನ್ಯಾನೋಮೀಟರಿನ ಕಣವಾಗಿ ತೇಲುತ್ತದೆ. ಕೆಲವು ಉತ್ತಮ ಧ್ವನಿವರ್ಧಕಗಳಲ್ಲಿ ಸುರುಳಿಯ ಸುತ್ತಲಿನ ಸಂದಿಯಲ್ಲಿ ಈ ದ್ರವವನ್ನು ತುಂಬಿರುತ್ತಾರೆ. ಕಾಂತ ಅದನ್ನು ಸೋರದಂತೆ ಹಿಡಿದಿಡುತ್ತದೆ, ಅದು ಸುರುಳಿಯ ಬಿಸಿಯನ್ನು ಹೊರಕ್ಕೆ ಒಯ್ಯುತ್ತದೆ.

ನವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಬೈಂದೂರಿನ ಕಡೆಗೆ ಹೋದೆ. ತಂದೆಯವರು ಜಗಲಿಯಲ್ಲಿ ಕುಳಿತಿದ್ದರು. ಕಾಲುಗಳು ಊದಿಕೊಂಡಿವೆ, ನಿಂತೇ ದುಡಿದವರ ಕಾಲುಗಳು. ನಾನು ಡಾರ್ಸಿಯಿಂದ ಆರಂಭಿಸಲು ಹವಣಿಸುತ್ತಿದ್ದಾಗ ಅವರ ಮನೆಯಾಕೆ ಕಾಫಿ ತಂದಿಟ್ಟರು. ಅದೇ ನನಗೆ ದಾರಿ ತೋರಿತು. ಹೋಟೆಲಿನಲ್ಲಿ ಡಿಕಾಕ್ಷನ್ ಇಳಿಸುವುದು ಹೇಗೆ ಎಂದು ಕೇಳಿದೆ. ಹುಡಿ ಸಣ್ಣಗಾದರೆ ನೀರು ಇಳಿಯುವುದೇ ಇಲ್ಲ, ದಪ್ಪವಾದರೆ ಸರ್ರನೆ ಇಳಿದು ಸಪ್ಪೆಯಾಗುತ್ತದೆ, ಹುಡಿಯ ಮಟ್ಟ ಏರಿಸಿದರೆ ತಡವಾಗುತ್ತದೆ ಎಂದು ಅವರು ಡಾರ್ಸಿಯ ನಿಯಮವನ್ನು ನನಗೇ ಒಪ್ಪಿಸಿದರು. ಅಲ್ಲಿಂದ ಮುಂದೆ ಸುಲಭವಾಯಿತು. ಬಿಸಿ ದೋಸೆ ಕಾವಲಿಗೆ ನೀರು ಚಿಮುಕಿಸಿದರೆ ಮೇಲೇಳುವ ಹಬೆ, ನೀರಿನೊಳಗೆ ಕಾಣದಷ್ಟು ಸಣ್ಣ ಲೋಹದ ಹುಡಿ, ಬಿಸಿಯನ್ನು ಬೇಗ ಹೊತ್ತೊಯ್ಯುವ ಉಪಾಯ, ಹತ್ತಿರದಲ್ಲಿ ಒಂದು ಕಾಂತ. ನಿಮ್ಮ ಮಗ ಆರು ವರ್ಷ ಇದರ ಲೆಕ್ಕ ಮಾಡಿದ್ದಾನೆ ಎಂದೆ.

ಅವರು ಲೋಟ ಕೆಳಗಿಟ್ಟು ಕೇಳಿದರು: “ಅಷ್ಟ್ ಸಣ್ಣ ಹುಡಿ ನೀರಿಗೆ ಹಾಕ್ರೆ ಗಂಟ್ ಕಟ್ಟುದಿಲ್ಯಾ?”

ನಾನು ಶಿಷ್ಯನ ಮುಖ ನೋಡಿದೆ. ನ್ಯಾನೋ ದ್ರವಗಳನ್ನು ಬಳಕೆಗೆ ತರುವಲ್ಲಿ ಎದುರಾಗಿರುವ ದೊಡ್ಡ ತೊಡಕು ಅದುವೇ. ಕಣಗಳು ಒಂದಕ್ಕೊಂದು ಅಂಟಿ, ಗಂಟಾಗಿ, ತಳ ಸೇರುತ್ತವೆ. ಅಕ್ಕಿಹಿಟ್ಟು, ಕಡಲೆಹಿಟ್ಟುಗಳನ್ನು ಮೂವತ್ತು ವರ್ಷ ಕಲಸಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಶಿಷ್ಯ ಎದ್ದು ಗ್ರಂಥದ ಎರಡನೆಯ ಅಧ್ಯಾಯ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟ. ಕಣಗಳು ಸಮನಾಗಿ ಹರಡಿವೆಯೆಂದೂ ಗಂಟುಗೂಡುವುದಿಲ್ಲವೆಂದೂ ಭಾವಿಸಲಾಗಿದೆ ಎಂದು ಅಲ್ಲಿತ್ತು. ತಂದೆಗೆ ಓದಿ ಹೇಳಿದ.

“ಭಾವಿಸೂದ್ ಅಂದ್ರೆ ಮಾಡಿ ಕಂಡದ್ದಲ್ದಾ?”

“ಅಲ್ಲ ಅಪ್ಪಯ್ಯ.”

“ಮಾಡಿ ಕಾಣ್ ಮಗಾ.” ಬೈಗುಳವಿರಲಿಲ್ಲ, ಬೇಸರವೂ ಇರಲಿಲ್ಲ. ಅಡುಗೆಮನೆಯ ಹೊಸ ಹುಡುಗನಿಗೆ ಹೇಳುವ ಧಾಟಿ. ಬಳಿಕ ಅವರು ಗ್ರಂಥವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಅರ್ಪಣೆಯ ಪುಟದಲ್ಲಿದ್ದ ತಮ್ಮ ಹೆಸರನ್ನು ಮತ್ತೊಮ್ಮೆ ಓದಿಸಿ ಕೇಳಿದರು. ಅದು ಇಂಗ್ಲಿಷಿನಲ್ಲಿತ್ತು.

ಕಳೆದ ತಿಂಗಳು ಶಿಷ್ಯ ದೂರವಾಣಿ ಮಾಡಿದ್ದ. ತನ್ನ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಿಂದ ಅಲ್ಯುಮಿನಾದ ನ್ಯಾನೋ ಪುಡಿ ಸ್ವಲ್ಪ ಕೇಳಿ ಪಡೆದು, ಇಬ್ಬರು ವಿದ್ಯಾರ್ಥಿಗಳನ್ನು ಜೊತೆಗಿಟ್ಟುಕೊಂಡು, ಎರಡು ಉದ್ದನೆಯ ಗಾಜಿನ ಅಳತೆಪಾತ್ರೆಗಳಲ್ಲಿ ನೀರಿಗೆ ಬೆರೆಸಿ ಇಟ್ಟಿದ್ದಾನಂತೆ. ಒಂದನ್ನು ಬರೇ ಕಲಕಿದ್ದು, ಇನ್ನೊಂದಕ್ಕೆ ಗಂಟುಗಟ್ಟದಂತೆ ತಡೆಯುವ ದ್ರಾವಣ ಸೇರಿಸಿದ್ದು. ಮೂರನೆಯ ದಿನಕ್ಕೆ ಮೊದಲನೆಯದರ ತಳದಲ್ಲಿ ಬೆರಳಗಲ ಬಿಳಿಯ ಪದರ ಕುಳಿತಿದೆ. ಎರಡನೆಯದು ಇನ್ನೂ ಹಾಲಿನಂತಿದೆ. ದಿನವೂ ಬೆಳಿಗ್ಗೆ ಎಂಟಕ್ಕೆ ಅಳೆದು ಬರೆದಿಡುತ್ತಿದ್ದಾರೆ. ತಂದೆಗೆ ತಿಳಿಸಿದೆಯಾ ಎಂದು ಕೇಳಿದೆ. “ಎರಡನೆಯದು ಎಷ್ಟು ದಿನ ನಿಲ್ಲುತ್ತದೆ ಎಂದು ನೋಡಿಕೊಂಡು ಹೇಳುತ್ತೇನೆ ಮಾಷ್ಟ್ರೇ. ಅದನ್ನೂ ಕೇಳದೆ ಬಿಡುವವರಲ್ಲ” ಎಂದ.